ಜಗಳೂರಿಗೆ ಸಮನಾದ ದೇಶ

ಮಾರ್ಚ್ ಮುಗಿಯುವುದರೊಳಗೆ ನಕಾಶೆ ಬೇಕೆಂದರು ಸಾಹೇಬರು.
ತಾಲೂಕಿನ ಹೆಸರು ಅಳಿಸಿ
ಅಷ್ಟೇ ಉತ್ಪನ್ನವಿರುವ ದೇಶದ ಹೆಸರು ಬರೆಯಬೇಕು,
ನೋಡಿದವರಿಗೆ ಗೊತ್ತಾಗಬೇಕು ನಾವೆಷ್ಟು ಎಂದು.

ಸಂಖ್ಯಾ ಕಚೇರಿಯ ಉದ್ದ ಮೇಜಿನ ಮೇಲೆ
ಜಿಲ್ಲೆಯನ್ನು ಹಾಸಿ, ನಾಲ್ಕು ಮೂಲೆಗೆ
ನಾಲ್ಕು ವರ್ಷದ ಕಡತ ಹೇರಿ, ರಬ್ಬರು ಹಿಡಿದೆ.

ಹರಿಹರಕ್ಕೊಂದು ದ್ವೀಪ ಸಿಕ್ಕಿತು, ಸುತ್ತ ಹವಳ.
ಹೊನ್ನಾಳಿಯ ಪಾಲಿಗೆ ಬಂದ ದೇಶಕ್ಕೆ ಒಬ್ಬ ರಾಜ,
ಎರಡು ವಿಮಾನ, ಚೆಂದದ ಅಂಚೆಚೀಟಿಗಳು.
ಚನ್ನಗಿರಿಯಲ್ಲಿ ಹಿಮ ಬೀಳತೊಡಗಿತು.
ದಾವಣಗೆರೆಗೆ ಮೂರು ದೇಶ ಕೂಡಿಸಿದರೂ ಸಾಲದೆ
ನಾಲ್ಕನೆಯದರ ಒಂದು ಕಾಲು ಕಡಿದು ತಂದೆ.
ಜಗಳೂರಿನ ಹೊತ್ತಿಗೆ ಪಟ್ಟಿಯೇ ಇಲ್ಲ.
ಸಣ್ಣ ದೇಶಗಳಿದ್ದ ಕೊನೆಯ ಹಾಳೆಯನ್ನು
ಇಲಿ ತಿಂದಿತ್ತು.
ಖಾಲಿ ಬಿಟ್ಟೆ. ನನ್ನ ಹೆಂಡತಿಯ ತವರು ಅದು;
ಮನೆಯಲ್ಲಿ ಹೇಳಲಿಲ್ಲ.

ಹೋಲಿಕೆ ಈ ಊರಿಗೆ ಹೊಸದೇನಲ್ಲ.
ನಮ್ಮಪ್ಪ ದುಡಿದದ್ದು ಮ್ಯಾಂಚೆಸ್ಟರಿನಲ್ಲಿ, ಕರ್ನಾಟಕದ್ದು.
ಮಿಲ್ಲಿನ ಕೂಗಿಗೆ ಅವ್ವ ಎಸರಿಡುತ್ತಿದ್ದಳು,
ನಾವು ಗಡಿಯಾರದ ಮುಳ್ಳು ತಿರುಗಿಸುತ್ತಿದ್ದೆವು.
ಮಿಲ್ಲು ಮುಚ್ಚಿತು, ಹೋಲಿಕೆಯನ್ನು ಯಾರೂ ಮುಚ್ಚಲಿಲ್ಲ.
ಬರಬೇಕಾದ ಪಿ.ಎಫ್. ಬರದೇ ಹೋದಾಗ
"ತಪ್ಪಿ ಆ ಇನ್ನೊಂದು ಮ್ಯಾಂಚೆಸ್ಟರಿಗೆ ಹೋಗಿರ್ಬೇಕು ಬಿಡು"
ಅನ್ನುತ್ತಿದ್ದಳು ಅವ್ವ, ನಗುತ್ತಲೇ.

ಭಟ್ಟಿಗಳ ಅಂಕಿ ಬಾಕಿ ಇತ್ತು. ಆಜಾದ್ ನಗರಕ್ಕೆ ಹೋದೆ.
ಅಲ್ಲಿ ಹೊಗೆಗೆ ಮಧ್ಯಾಹ್ನವೇ ಸಂಜೆ.
ಕಾದ ಮರಳಿಗೆ ಅಕ್ಕಿ ಬಿತ್ತು,
ಉಸಿರು ಎಳೆದು ಬಿಡುವುದರೊಳಗೆ
ಬೆಳ್ಳಗೆ ಉಬ್ಬಿ ಬಾಣಲೆಯ ಅಂಚಿಗೆ ಬಂತು.
ಮಾಬುನ್ನಿ ಜರಡಿ ಆಡಿಸುತ್ತ ಕೇಳಿದಳು:
"ಏನ್ ಬರ್ಕಂತೀರಿ ಅಣ್ಣಾರ?"
ಹೇಳಿದೆ, ಇಂಥ ತಾಲೂಕಿಗೆ ಇಂಥ ದೇಶ ಸಮ ಎಂದು.
"ಆ ದೇಶ್ದಾಗ ಮಂದಿ ಎಷ್ಟು?"
ನಮ್ಮ ನಾಲ್ಕರಲ್ಲಿ ಒಂದು ಪಾಲು.
"ಹಂಗಾರ ಅಲ್ಲಿ ಒಬ್ಬ ಉಂಬೋ ತಾಟಿನಾಗ
ಇಲ್ಲಿ ನಾಕು ಮಂದಿ ಕೈ ಇಟ್ಟೀವಿ.
ತಾಟು ಸಮ, ಬರ್ಕಳ್ರಿ."

ಆಮೇಲೆ ಗೋಡೆ ಮೂಲೆಯ ಸೇರು ಎತ್ತಿ ತಂದಳು,
ಅಂಚು ಸವೆದದ್ದು, ಅವಳ ಅತ್ತೆಯ ಕಾಲದ್ದು.
"ಅಕ್ಕಿ ಹಾಕ್ರಿ, ಒಂದ್ ಸೇರು.
ಮಂಡಕ್ಕಿ ಹಾಕ್ರಿ, ಒಂದ್ ಸೇರು.
ಎರಡೂ ಒಂದೇ ಏನು ಅಂತ
ಸೇರನ್ನ ಕೇಳ್ಬಾರ್ದು, ಹೊಟ್ಟೀನ ಕೇಳ್ಬೇಕು."

ನಮೂನೆ ತುಂಬಿದೆ: ದಿನಕ್ಕೆ ಚೀಲ ಎಷ್ಟು, ಚೀಲಕ್ಕೆ ಕೂಲಿ ಎಷ್ಟು.
ನಡುವೆ ಅವಳು ಕೆಮ್ಮಿದಳು, ಬಹಳ ಹೊತ್ತು,
ಜರಡಿಯನ್ನು ಮೊಣಕಾಲಿಗೆ ಆನಿಸಿಕೊಂಡು.
ಸಿರಪ್ಪು ಕೊಂಡರೆ ಅದು ಉತ್ಪನ್ನಕ್ಕೆ ಸೇರುತ್ತದೆ,
ಬರೀ ಕೆಮ್ಮಿದರೆ ಸೇರುವುದಿಲ್ಲ.
ಇದನ್ನು ವಿವರಿಸಲು ಬಾಯಿ ತೆರೆದವನು
ನೀರು ಕೇಳಿ ಕುಡಿದೆ.

ಹೊರಡುವಾಗ ಒಂದು ಚೀಲ ಮಂಡಕ್ಕಿ ಕೈಗಿಟ್ಟಳು.
ದುಡ್ಡು ಕೊಟ್ಟಿದ್ದರೆ ಜಿಲ್ಲೆಯ ಲೆಕ್ಕ
ಹತ್ತು ರೂಪಾಯಿ ಏರುತ್ತಿತ್ತು. ತಗೊಳ್ಳಲಿಲ್ಲ.

ನಾಲ್ಕು ಗಂಟೆಗೆ ಬಕ್ಕೇಶ ಮೆಣಸಿನಕಾಯಿ ತಂದ.
ಬೇರೆ ಜಾಗವಿಲ್ಲದೆ ದೇಶಗಳ ಮೇಲೇ ಪೇಪರು ಹಾಸಿ
ಸುತ್ತ ನಿಂತೆವು, ಸಾಹೇಬರೂ ಬಂದರು.
ರಾಜನಿರುವ ದೇಶದ ಮೇಲೆ ಈರುಳ್ಳಿ ಹೆಚ್ಚಿದ್ದಾಯಿತು,
ಹಿಮದ ಮೇಲೆ ಖಾರ ಉದುರಿತು.
ಪೇಪರು ಎತ್ತಿದಾಗ ನೋಡಿದರೆ
ಎಣ್ಣೆ ಇಳಿದದ್ದು ಸರಿಯಾಗಿ ಜಗಳೂರಿಗೆ.
ಅಷ್ಟೇ ಅಗಲ ಕಾಗದ ತಿಳಿಯಾಗಿ
ಕೆಳಗಿನ ಮೇಜಿನ ಮರ ಕಾಣುತ್ತಿತ್ತು,
ಮರದ ಗೆರೆ, ಯಾರೋ ಹಿಂದೆ ಬ್ಲೇಡಿನಲ್ಲಿ ಕೊರೆದ
ಅರ್ಧ ಹೆಸರು.

"ಇದಕ್ಕೆ ಯಾವ ದೇಶ ಬರುತ್ತೆ?" ಸಾಹೇಬರು ಬಗ್ಗಿದರು.
ನನ್ನ ಬಾಯಿ ತುಂಬ ಮಂಡಕ್ಕಿ.
ತಡೀರಿ ಎಂದು ಕೈ ತೋರಿಸಿದೆ.