ತಡಿ

ಬಳ್ಳಾರಿ ಬೈಪಾಸಿನ ಶೆಡ್ಡು. ಸಂಡೂರಿನಿಂದ ಇಳಿದ ಜೀಪು.
ಏರ್ ಫಿಲ್ಟರ್ ಬಡಿದರೆ
ಒಂದು ಬೊಗಸೆ ಗುಡ್ಡವೇ ಬಿತ್ತು, ಕೆಂಪಗೆ.
"ಇಂಜಿನ್ನಿಗೆ ಮೊದ್ಲು ಏನು ಬೇಕಲೇ?"
ಡೀಸೆಲ್ಲು, ಅಂದೆ.
"ಗಾಳಿ," ಅಂದರು ಮಸ್ತಾನ್‌ಸಾಬರು.

ಅವರಪ್ಪ ಕುಲುಮೆಯವರು. ತಿದಿ ಒತ್ತಿ ಬೆಳೆದ ಕೈಗೆ ಗೊತ್ತು:
ಬೆಲ್ಟಿಗೆ ಕಟ್ಟಿದ ಸೂಪರ್‌ಚಾರ್ಜರ್
ಕರೆದ ಕೂಡಲೇ ಓ ಅನ್ನುತ್ತದೆ,
ಕೂಲಿಯನ್ನು ಮಾತ್ರ
ಇಂಜಿನ್ನಿನ ರಟ್ಟೆಯಿಂದಲೇ ಮುರಿದುಕೊಳ್ಳುತ್ತದೆ.

ಟರ್ಬೊ ಬೇರೆ ಜಾತಿ.
ಬಿಟ್ಟ ಉಸಿರಲ್ಲೇ ತಿರುಗಿ
ಹೊಸ ಉಸಿರು ತುರುಕುವಂಥದು.
ಬಿಟ್ಟಿ ದುಡಿಮೆ, ಆದರೆ ತಡ:
ಕಾಲೊತ್ತಿದ ಮೇಲೆ ಒಂದು ಗಳಿಗೆ
ಏನೂ ಇಲ್ಲ, ಏನೂ ಇಲ್ಲ,
ಆಮೇಲೆ ಬೆನ್ನಿಗೆ ಗುದ್ದು.

ಯಾವುದು ಮೇಲು, ಉಸ್ತಾದ್?
"ಘಾಟಿ ಹತ್ತೋನ್ನ ಕೇಳು."

ಹೊರಟ ಜೀಪಿನ ಹಿಂದೆಯೇ ಕೂಗಿದರು:
"ಈರಪ್ಪಾ, ನಿಂತ ಕೂಡ್ಲೆ ಕೀಲಿ ತೆಗೀಬ್ಯಾಡ,
ಒಳಗ ಚಕ್ರ ಇನ್ನೂ ತಿರುಗ್ತಿರ್ತದ.
ಎಣ್ಣಿ ನಿಂತ್ರ ಸುಟ್ಟು ಹೋಗ್ತದ!"

ರಾತ್ರಿ ಶಟರ್ ಎಳೆದ ಮೇಲೂ
ಕಟ್ಟೆಯ ಮೇಲೆ ಸುಮ್ಮನೆ ಕೂತರು.
ಮನೀಗೆ ಹೋಗಲ್ಲೇನ್ರಿ, ಅಂದೆ.
ಕೈ ಎತ್ತಿದರು: ತಡಿ.
ಇಪ್ಪತ್ತೆಂಟು ವರ್ಷ ಅದೇ ಕೆಂಪು ಗಾಳಿ ಎಳೆದ ಎದೆಯಲ್ಲಿ
ಸಿಳ್ಳೆಯೊಂದು
ಸಣ್ಣಗಾಗುತ್ತಿತ್ತು.