ಇಪ್ಪತ್ತು ಮೈಲಿಯೊಳಗೆ

ಪೋರ್ಟ್ ಹೆಡ್‌ಲ್ಯಾಂಡಿನ ಹೊರಗೆ ಲಂಗರು ಬಿಟ್ಟು
ಹನ್ನೊಂದು ದಿನ ಕಳೆದಿತ್ತು.
ನಮಗಿಂತ ಮುಂದೆ ಹದಿನಾರು ಹಡಗು, ಹೊಟ್ಟೆ ಖಾಲಿ,
ಕೆಂಪು ಅದಿರಿಗೆ ಕಾದು ಒಂದೇ ದಿಕ್ಕಿಗೆ ಮೂತಿ ತಿರುಗಿಸಿ.
ಸ್ನಾನ ಬೆಳಿಗ್ಗೆ ಆರರಿಂದ ಆರೂವರೆ,
ಆಮೇಲೆ ನಲ್ಲಿ ಬಂದ್ — ಚೀಫ್ ಸಾಹೇಬರು
ಅಡುಗೆಮನೆ ಬಾಗಿಲಿಗೇ ಬರೆದು ಅಂಟಿಸಿದ್ದರು.

ಡೆಕ್ ಹುಡುಗ ರೊಡೆಲ್, ಇಲೋಯ್ಲೋ ಊರಿನವ, ಕೇಳಿದ:
ಸುತ್ತ ಇಷ್ಟು ನೀರಿದೆ ಥರ್ಡ್ ಸಾಬ್, ನಿಮ್ಮ ಮಷೀನಿದೆ,
ಮತ್ತೆ ಯಾಕೆ ಈ ಬರ?

ಅದು ನಡೆವವರ ನೀರು, ತಮ್ಮಾ.
ಎಂಜಿನ್ ಓಡಬೇಕು, ಅದರ ಮೈ ಕಾಯಬೇಕು,
ಆ ಕಾವನ್ನು ಕಡ ತಂದು
ಗಾಳಿ ಹೀರಿದ ಡಬ್ಬದೊಳಗೆ
ಕಡಲನ್ನು ನಲವತ್ತೈದು ಡಿಗ್ರಿಯಲ್ಲೇ ಕುದಿಸುವ ಕಸುಬು.
ಕೈಯಿಟ್ಟರೂ ಬೊಬ್ಬೆ ಏಳದ ಕುದಿ.
ನಿಂತ ಹಡಗಿಗೆ ಅಷ್ಟೂ ಜ್ವರವಿಲ್ಲ.
ಅಲ್ಲದೆ ನಮ್ಮ ಕಂಪನಿಯ ಕಾಯಿದೆ:
ದಡದಿಂದ ಇಪ್ಪತ್ತು ಮೈಲಿಯೊಳಗೆ ನೀರು ಮಾಡುವಂತಿಲ್ಲ.
ಅಲ್ಲಿಂದೀಚೆಗೆ ಮನುಷ್ಯರ ಹೊಲಸು.
ನಲವತ್ತೈದರಲ್ಲಿ ಉಪ್ಪು ಹಿಂದುಳಿಯುತ್ತದೆ, ರೋಗ ಸಾಯುವುದಿಲ್ಲ.

ರೊಡೆಲ್ ನಕ್ಕ.
ಹಾಗಾದರೆ ಊರು ಕಾಣಿಸಿದ ಕೂಡಲೇ ಬಾಯಾರಿಕೆ!

ಆ ಡಬ್ಬಕ್ಕೊಂದು ದುಂಡು ಗಾಜಿನ ಕಣ್ಣು.
ನಡುಗಡಲಲ್ಲಿ ಪಾಳಿ ಮುಗಿದ ಮೇಲೂ
ಟಾರ್ಚ್ ಹಿಡಿದು ಇಣುಕುತ್ತಿದ್ದೆ:
ಒಳಗೆ ಕಡಲು ನೊರೆಗಟ್ಟಿ ಏಳುತ್ತದೆ,
ಆವಿ ತಣ್ಣನೆ ತಗಡಿಗೆ ತಾಗಿ
ಮನಸ್ಸು ಬದಲಿಸಿ ಇಳಿಯುತ್ತದೆ.
ದಿನಕ್ಕೆ ಹದಿನೆಂಟು ಟನ್. ಮೀಟರು
ಹತ್ತು ದಾಟಿತೋ ಸೈರನ್; ನೀರೆಲ್ಲ ತಂತಾನೆ ಬಿಲ್ಜಿಗೆ.
ಚಿಟಿಕೆ ಉಪ್ಪಿಗೂ ಕ್ಷಮೆಯಿಲ್ಲ.

ಇದನ್ನೆಲ್ಲ ಒಮ್ಮೆ ಅವ್ವಿಗೆ ಫೋನಿನಲ್ಲಿ ಹೇಳಿದ್ದೆ.
ಅವ್ವಿ ಬುದವಂತಿ, ಸಾಣಿಕಟ್ಟೆಯ ಆಗರದಲ್ಲಿ
ಮೂವತ್ತು ಬೇಸಿಗೆ ಉಪ್ಪು ಎಳೆದವಳು.
ಬಿಸಿಲು ನೀರನ್ನು ಒಯ್ದರೆ ಒಯ್ಯಲಿ ಎಂದು ಬಿಟ್ಟವಳು.
ಹಿಮ್ಮಡಿಯ ಬಿರುಕಿನಲ್ಲಿ ಈಗಲೂ ಬಿಳಿ ಗೆರೆ.
ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:
"ಉಪ್ಪು ಎಂತ ಮಾಡ್ತ್ರಿ?"
ವಾಪಸು ಕಡಲಿಗೇ ಬಿಡುತ್ತೇವೆ ಅಂದೆ.
"ಅಯ್ಯೋ ಮಾರಾಯ," ಅಂದಳು, "ಅಷ್ಟೂ?"

ಹನ್ನೆರಡನೆಯ ದಿನ ಪೈಲಟ್ ಹೆಲಿಕಾಪ್ಟರಿನಿಂದಿಳಿದ,
ಮಧ್ಯಾಹ್ನಕ್ಕೆ ಧಕ್ಕೆಗೆ ಹಗ್ಗ ಕಟ್ಟಿದೆವು.
ಎಲ್ಲಿ ನೋಡಿದರೂ ಕೆಂಪು ಧೂಳು:
ರೇಲಿಂಗಿಗೆ, ರೆಪ್ಪೆಗೆ, ಕಡಲಹಕ್ಕಿಯ ಎದೆಗೆ.
ನಾವಿಕರ ಕೇಂದ್ರದ ವ್ಯಾನು ಓಡಿಸುವ ಬೆರಿಲ್ ಎಂಬ ಮುದುಕಿ
ತಿರುವಿನಲ್ಲಿ ನಿಧಾನಿಸಿ, ಎಡಕ್ಕೆ ನೋಡಿ, ಅಂದಳು.

ಕೆಂಪು ನೆಲದ ಮೇಲೆ ಬೆಳ್ಳನೆ ಗುಡ್ಡ.
ಅದರ ನೆತ್ತಿಯಲ್ಲಿ ಬುಲ್ಡೋಜರ್
ಮಿಡತೆಯಷ್ಟು.

ಉಪ್ಪು.

ರೊಡೆಲ್ ಫೋಟೋ ಹೊಡೆದ.
ನಾನು ಅವ್ವಿಯ ಬುಟ್ಟಿ ಲೆಕ್ಕ ಹಾಕತೊಡಗಿದೆ,
ಒಂದು ಬೇಸಿಗೆಗೆ ಇಷ್ಟು, ಹತ್ತಕ್ಕೆ ಇಷ್ಟು,
ಅಷ್ಟರಲ್ಲಿ ವ್ಯಾನು ಮುಂದೆ ಹೋಯಿತು.

ಕೇಂದ್ರದ ಮೂಲೆಯಲ್ಲೊಂದು ನಲ್ಲಿ. ತಿರುಗಿಸಿದೆ.
ಬಂತು. ಬರುತ್ತಲೇ ಇತ್ತು.
ಯಾರೂ ಮೀಟರು ನೋಡುತ್ತಿರಲಿಲ್ಲ.
ಕುಡಿದರೆ ಏನೋ ರುಚಿ —
ಸುಣ್ಣ, ಕಬ್ಬಿಣ, ಯಾವುದೋ ಬಂಡೆಯ ಸಹವಾಸ.
ಏಳು ತಿಂಗಳು ರುಚಿಯಿಲ್ಲದ ನೀರು ಮಾಡಿ, ಅದನ್ನೇ ಕುಡಿದ
ನಾಲಿಗೆ ಬೆಚ್ಚಿತು.

ನೀರು ಸರಿಯಿಲ್ಲವಾ? ಕೇಳಿದಳು ಬೆರಿಲ್.
ಸರಿಯಿದೆ ಅಂದೆ,
ಇನ್ನೊಂದು ಲೋಟ ತುಂಬಿಸಿಕೊಂಡೆ.
ಕಿವಿ ಇನ್ನೂ ಸೈರನ್ನಿಗೆ ಕಾಯುತ್ತಿತ್ತು.