ನೆರಳು ಮುಂದಿನ ತಿಂಗಳು

ಬಾಗಿಲು ತೆರೆಯಲು ಇನ್ನೂ ನಲವತ್ತು ನಿಮಿಷ.
ಟೋಕಿಯೋದಿಂದ ರಾತ್ರಿ ಬಸ್ಸಿನಲ್ಲಿ ಬಂದ ಇಬ್ಬರು ಹುಡುಗರು
ಟವೆಲಿನಲ್ಲಿ ಸುತ್ತಿದ ಕರಿ ಡಬ್ಬಿಯೊಂದನ್ನು
ಹಸುಗೂಸಿನಂತೆ ಎತ್ತಿ ತಂದು ನನ್ನ ಮೇಜಿನ ಮೇಲಿಟ್ಟು
"ಕುಸಾನೊ ಸಾನ್, ಮೊದಲು ನೀವೇ ಆಡಿ" ಅಂದರು.
"ಹೆಸರೇನು?"
"ಇನ್ನೂ ಇಟ್ಟಿಲ್ಲ."

ಕೊಕುರಾದ ಈ ಎರಡನೇ ಮಹಡಿಯಲ್ಲಿ ಮೂವತ್ತೊಂದು ವರ್ಷ
ನಾನು ಆಡಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.
ಸೋತವರು ಗುದ್ದಿದ ಗುಂಡಿ, ಗೆದ್ದವರು ತಿರುಚಿದ ಹಿಡಿಕೋಲು,
ಸಂದಿಯಲ್ಲಿ ಸಿಗರೇಟಿನ ಬೂದಿ,
ಒಮ್ಮೆ ಒಂದು ಹಾಲುಹಲ್ಲು.
ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಪರದೆ ಬೆಳಗಿತು.
ಒಂದೇ ಅಂಗಳದಲ್ಲಿ ನಾಲ್ಕು ಜನ, ಇಬ್ಬರ ಮೇಲೆ ಇಬ್ಬರು.
ಹಿಂದಿನ ಬೆಟ್ಟ ಬರೀ ಬೂದುಬಣ್ಣದ ಚೌಕ.
ಮೀನು ಕೊಯ್ಯುವ ಕತ್ತಿ ಹಿಡಿದು ನಿಂತ ಮುದುಕಿ,
ಕಾಲು ಊರಿದ್ದಾಳೆ, ಕೆಳಗೆ ನೆರಳೇ ಇಲ್ಲ.
"ನೆರಳು ಮುಂದಿನ ತಿಂಗಳು" ಅಂದ ಗಿಡ್ಡ ಹುಡುಗ, ನಾಚಿಕೊಂಡು.
ದೈತ್ಯನೊಬ್ಬನಿಗೆ ಇನ್ನೂ ದನಿ ಕೂಡಿಸಿಲ್ಲ.
ಏಟು ತಿಂದು ಬಾಯಿ ತೆರೆದು ಸುಮ್ಮನೆ ಬೀಳುತ್ತಾನೆ,
ನೋವಾಯಿತೋ ಇಲ್ಲವೋ ನಾವೇ ಊಹಿಸಿಕೊಳ್ಳಬೇಕು.

ನಾನು ಮುದುಕಿಯನ್ನೇ ಆರಿಸಿಕೊಂಡೆ.

ಅನ್ನ ಬೆಂದಿದೆಯೋ ಎಂದು ಒಂದೇ ಅಗುಳು ಹಿಸುಕುವ ಹಾಗೆ
ಒಂದೇ ಗುಂಡಿ ಒತ್ತಿದೆ. ಏಟು ಬಿತ್ತು.
ಒತ್ತಿದ್ದಕ್ಕೂ ಬಿದ್ದದ್ದಕ್ಕೂ ನಡುವೆ
ಕೂದಲೆಳೆಯಷ್ಟು ಹೊತ್ತು ಎಲ್ಲೋ ಸೋರುತ್ತಿತ್ತು.
ಅದು ಕಣ್ಣಿಗೆ ಸಿಗುವುದಿಲ್ಲ,
ಹೆಬ್ಬೆರಳಿನ ಬುಡಕ್ಕೆ ಮಾತ್ರ ಗೊತ್ತಾಗುತ್ತದೆ.
"ತಡ" ಅಂದೆ.
"ಎಷ್ಟು?"
"ಮೂರು ಫ್ರೇಮು."
ಇಬ್ಬರೂ ಮುಖ ಮುಖ ನೋಡಿಕೊಂಡರು.
ಗಿಡ್ಡವನು ಪುಸ್ತಕ ತೆಗೆದ. ಉದ್ದನೆಯವನು
ತಾನು ಅಂದೇ ಇದ್ದೆ ಎಂಬಂತೆ ಕಿಟಕಿಯಾಚೆ ನೋಡಿದ.

ಹತ್ತು ಗಂಟೆಗೆ ಸಾಲು ಮೆಟ್ಟಿಲಿಳಿದು ಬೀದಿ ಮುಟ್ಟಿತ್ತು.
ತಂಗಾ ಮಾರುಕಟ್ಟೆಯಿಂದ ರಬ್ಬರು ಬೂಟಿನಲ್ಲೇ ಬಂದ ಹುಡುಗ,
ರಾತ್ರಿ ಪಾಳಿ ಮುಗಿಸಿದ ನರ್ಸು,
ಉಕ್ಕಿನ ಕಾರ್ಖಾನೆಯ ಹರಾಗುಚಿ, ಎರಡು ಬೆರಳಿಗೆ ಪಟ್ಟಿ ಸುತ್ತಿಕೊಂಡು,
ಇಡೀ ಊರಿನಲ್ಲಿ ಒಮ್ಮೆ ಯಾರಿಗೂ ಸೋಲದಿದ್ದವನು.
ಎಲ್ಲರ ಕೈಯಲ್ಲೂ ಚೀಟಿ, ಚೀಟಿಯಲ್ಲಿ ನಂಬರು.

ಹಳೆಯ ಯಂತ್ರಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಂಥವು.
ಸೋಲಿಸಿದವನ ಮುಖ ಕಾಣುತ್ತಿರಲಿಲ್ಲ,
ಕೆಮ್ಮು ಕೇಳಿಸುತ್ತಿತ್ತು, ಅಷ್ಟೇ.
ಇದಕ್ಕೆ ಒಂದೇ ಬೆಂಚು. ನಾಲ್ವರೂ ಮೊಣಕೈಗೆ ಮೊಣಕೈ.
ಅದರ ಮೇಲೆ ಯಾವ ತುಂಟನ ಬುದ್ಧಿಯೋ,
ಬೀಸಿದ ಏಟು ಜೊತೆಗಾರನಿಗೂ ತಾಗುತ್ತದೆ.

ಹರಾಗುಚಿ ಒದ್ದ. ವೈರಿ ಬಗ್ಗಿದ.
ನರ್ಸಿನ ದೈತ್ಯ ಮಾತಿಲ್ಲದೆ ಮಗುಚಿ ಬಿದ್ದ.
"ಕ್ಷಮಿಸಿ!"
ಮೂವತ್ತೊಂದು ವರ್ಷದಲ್ಲಿ ಈ ಮಹಡಿಯ ಮೇಲೆ
ಆಟದ ನಡುವೆ ಆ ಮಾತು ನಾನು ಕೇಳಿದ್ದು ಇದೇ ಮೊದಲು.
ಆಮೇಲೆ ದಿನವಿಡೀ ಅದೇ,
ಒದೆ, ಕ್ಷಮಿಸಿ, ಒದೆ, ಅಯ್ಯೋ ಕ್ಷಮಿಸಿ.
ಬೂಟಿನ ಹುಡುಗ ಮಾತ್ರ ಬೇಕೆಂದೇ ಹೊಡೆಯುತ್ತಿದ್ದ,
ಕ್ಷಮೆಯನ್ನೂ ಕೇಳುತ್ತಿದ್ದ.

ಸಂಜೆ ಪೆನ್ಸಿಲಿನಲ್ಲಿ ತುಂಬಿದ ಕಾಗದಗಳು:
ಜೊತೆಗಾರನಿಗೆ ಏಟು ತಾಗುವುದು ಬೇಡ.
ಸಂಗೀತ ಚಪ್ಪೆ.
ಜೊತೆಗಾರನಿಗೆ ತಾಗುವುದೇ ಚೆನ್ನ, ದಯವಿಟ್ಟು ತೆಗೆಯಬೇಡಿ.
ಮುದುಕಿಗೆ ನೆರಳು ಕೊಡಬೇಡಿ, ಹಾಗೇ ಹೆದರಿಕೆಯಾಗುತ್ತದೆ.
ಹರಾಗುಚಿ ಏನೂ ಬರೆದಿರಲಿಲ್ಲ.
ಮತ್ತೆ ಚೀಟಿ ಸಿಗುತ್ತದೆಯೇ ಎಂದು ಎರಡು ಸಲ ಕೇಳಿ ಹೋದ.

ಹುಡುಗರು ಊಟಕ್ಕೆ ಇಳಿದರು. ನಾನು ದೀಪ ಆರಿಸಿ
ಎಡಗಡೆಯ ತಟ್ಟೆ ಬಿಚ್ಚಿದೆ. ಒಂದೇ ದಿನಕ್ಕೆ
ಒದೆಯುವ ಗುಂಡಿಯ ಸ್ಪ್ರಿಂಗು ಕೂತುಬಿಟ್ಟಿತ್ತು.
ಮೇಲೆ ಪರದೆಯಲ್ಲಿ ಆಟ ತನ್ನಷ್ಟಕ್ಕೆ ತಾನೇ ಆಡಿಕೊಳ್ಳುತ್ತಿತ್ತು,
ಬೂದು ಬೆಟ್ಟದ ಮುಂದೆ, ನಾಣ್ಯ ಹಾಕುವವರಿಲ್ಲದೆ.
ಮುದುಕಿ ಬೀಸಿದಳು. ದೈತ್ಯ ಬಾಯಿ ತೆರೆದು ಬಿದ್ದ.
ಯಾರೂ ಇಲ್ಲವೆಂದು ಒಮ್ಮೆ ತಿರುಗಿ ನೋಡಿ
ಅವನ ಪರವಾಗಿ ನಾನೇ "ಅಮ್ಮಾ" ಅಂದೆ,
ತುಸು ತಡವಾಗಿ.